ಚೌಕಟ್ಟು ಸಾಕು

ಹ್ಯಾಡ್ಲೋ ಕಾಲೇಜು ಮುಚ್ಚಿ ಇವತ್ತಿಗೆ ಹತ್ತೊಂಬತ್ತು ದಿನ.
ಅಯೊವಾದ ಮುಸುಕಿನ ಜೋಳಕ್ಕೆ ಅದರ ಗೊಡವೆಯಿಲ್ಲ,
ಮೊಣಕಾಲೆತ್ತರ ಬೆಳೆದು ನಿಂತಿದೆ ತನ್ನ ಪಾಡಿಗೆ.
ಬೀಗದ ಕೈ ಹಿಡಿದು ಬಂದವಳು ನಾನು,
ಮೂವತ್ತೆಂಟು ವರ್ಷ ಹಳೆವಿದ್ಯಾರ್ಥಿಗಳ ಪತ್ರಿಕೆಯ
ಕೊನೇ ಪುಟ ಬರೆದವಳು:
ಮದುವೆ, ಬಡ್ತಿ, ಮರಣ.
(ಮರಣಕ್ಕೆ ಜಾಗ ಸಾಲದಾದಾಗ
ಬಡ್ತಿಗೆ ಕತ್ತರಿ ಹಾಕುತ್ತಿದ್ದೆ.)

ಊಟದ ಹಾಲಿನ ಗೋಡೆಯ ಮೇಲೆ ಹದಿಮೂರು ಮಂದಿ ಗಣ್ಯರು.
ಗಣ್ಯರಿಗೂ ನಗಣ್ಯರಿಗೂ ನಡುವೆ ಒಂದೇ ಒಂದಕ್ಷರ;
ಅದನ್ನು ಅಳಿಸುವ, ಅಂಟಿಸುವ ಕೆಲಸಕ್ಕೆ
ನನಗೆ ಸಂಬಳ ಕೊಡುತ್ತಿದ್ದರು.

ಥ್ಯಾಡಿಯಸ್ ಓರ್ಕಟ್, ೧೮೮೯: ಮೂರು ಸಲ ಸೆನೆಟರ್,
ರೈಲಿನ ಬಗ್ಗೆ ಒಂದೇ ಭಾಷಣ, ಗಡ್ಡದ ಬಗ್ಗೆ ಹತ್ತು ದಂತಕಥೆ.
ವಿಲ್ಹೆಲ್ಮಿನಾ ಸ್ಟ್ರೌಡ್: ಪಾಚಿ ಎಣಿಸುತ್ತ ಎಣಿಸುತ್ತ
ಮಂಡಿ ಸವೆಸಿಕೊಂಡವಳು. ಒಂದು ಪಾಚಿಗೆ ಅವಳ ಹೆಸರೇ ಇದೆ,
ಅದು ಬೆಳೆಯುವುದು ಅಲಾಸ್ಕಾದಲ್ಲಿ,
ಅವಳು ಅಲ್ಲಿಗೆ ಹೋದವಳೇ ಅಲ್ಲ.
ಲೆಮ್ಯುಯೆಲ್ ಪ್ರುಯಿಟ್: ಆಕಾಶಕ್ಕೆ ಹಾರಿದ ನೌಕೆಯಲ್ಲಿ
ಇವನು ಮಾಡಿದ್ದು ಒಂದು ಕವಾಟ.
ಬಂದಾಗೆಲ್ಲ ನಮ್ಮ ಅಡುಗೆಮನೆಯ ನಲ್ಲಿಗೆ ಬಾಗಿ
"ಸೋರುತ್ತಿದೆಯಲ್ಲ" ಅನ್ನುತ್ತಿದ್ದ,
ಅಂದು, ಕಾಫಿ ಕುಡಿದು ಹೋಗುತ್ತಿದ್ದ.

ನ್ಯಾಯಾಧೀಶೆ ಮಾರ್ಗರೀಟ್ ಟಾಲಿವರ್‌ಗೆ
ಅರವತ್ನಾಲ್ಕನೇ ಇಸವಿಯಲ್ಲಿ ಈ ಊರು
ಬಾಡಿಗೆಗೆ ಒಂದು ಕೋಣೆ ಕೊಡಲಿಲ್ಲ.
ಕಪ್ಪು ಹುಡುಗಿ, ಗ್ರಂಥಪಾಲಕಿಯ ಅಟ್ಟದಲ್ಲಿ ನಾಲ್ಕು ವರ್ಷ.
ಚಿತ್ರಕ್ಕೆ ಕೂತಾಗ ಕೇಳಿದ್ದು ಇಷ್ಟೇ:
ಹಿನ್ನೆಲೆಗೆ ಆ ಅಟ್ಟದ ಕಿಟಕಿ ಇರಲಿ.
ಇದೆ. ಕಲಾವಿದನ ಕೈ ಕೂಡಿಬಂದಿರುವುದು ಅಲ್ಲಿ ಮಾತ್ರ.

ಕಾರ್ವಿನ್ ಹಾಸ್: ಹದಿನೇಳು ಧಾರಾವಾಹಿಗಳಲ್ಲಿ ಹೆಣ.
ಉಸಿರು ಕಟ್ಟುವುದನ್ನು ಕಲಿತದ್ದು
ಕಾಲೇಜಿನ ಈಜುಕೊಳದಲ್ಲಿ ಅಂತ ಬರೆದಿದ್ದ.
ನಮ್ಮಲ್ಲಿ ಈಜುಕೊಳವೇ ಇರಲಿಲ್ಲ.
ಅಚ್ಚು ಹಾಕಿದೆ.

ಡುಬುಕ್‌ನಿಂದ ಬಂದ ಹಳೇಸಾಮಾನಿನವನು
ಗೆಣ್ಣಿನಿಂದ ಮರ ತಟ್ಟಿ, ಕಿವಿಗೊಟ್ಟು,
"ವಾಲ್ನಟ್ಟು. ಒಳ್ಳೇ ಮಾಲು.
ಮುಖಗಳು ಬೇಡ ಲೋಯಿಸ್, ಚೌಕಟ್ಟು ಸಾಕು" ಅಂದ.
ಒಂದೊಂದೇ ಮೊಳೆ ಕಿತ್ತ, ಹಲ್ಲು ಕಿತ್ತ ಹಾಗೆ.
ಮುಖಗಳನ್ನು ಸುರುಳಿ ಸುತ್ತಿ ನನ್ನ ಕಾರಿಗೆ ತುಂಬಿದೆ:
ಸೆನೆಟರ್ ಮಲಗಿದ್ದಾನೆ ಈಗ
ಪಾಚಿಯವಳ ಪಕ್ಕ, ಹಿಂದಿನ ಸೀಟಿನಲ್ಲಿ.

ಅವನ ಬೆನ್ನ ಹಿಂದೆ, ಬಿಗಿ ಬರಲೆಂದು
ಯಾವನೋ ಬಡಗಿ ತುರುಕಿದ ಹಾಳೆ:
ಹಾಜರಿ ಪುಸ್ತಕದ್ದು. ೧೮೮೬ರ ಚಳಿಗಾಲ,
ಗ್ರೀಕ್ ತರಗತಿ, ಬೆಳಗಿನ ಏಳು ಗಂಟೆ.
ಓರ್ಕಟ್: ಗೈರು. ಗೈರು. ನೆಗಡಿ. ಗೈರು.
ಕೆಳಗೊಂದು ಹೆಸರು, ಕೆಜಾಯಾ ಬ್ರೂಮ್:
ಅರವತ್ತೆರಡು ದಿನ, ಒಂದೂ ತಪ್ಪಿಲ್ಲ.
ಜನವರಿಯ ಆ ಹಿಮಗಾಳಿಯ ದಿನ
ಮೇಷ್ಟರೇ ಬಂದಿಲ್ಲ, ಶಾಯಿಯ ಗುರುತಿಲ್ಲ,
ಕಾಲಂ ಉದ್ದಕ್ಕೂ ಖಾಲಿ.
ಅವಳ ಸಾಲಿನಲ್ಲಿ ಮಾತ್ರ ಪೆನ್ಸಿಲ್ಲು, ಬೇರೆ ಕೈ,
ಚಳಿಗೆ ಸೊಟ್ಟಗಾದ ಅಕ್ಷರ:
ಹಾಜರು.

ಒಲೆ ಹಚ್ಚಿದವರು ಯಾರು ಅವತ್ತು?
ಎಷ್ಟು ಹೊತ್ತು ಕೂತಿದ್ದಳು?
ಯಾವ ಕ್ರಿಯಾಪದವನ್ನು
ಖಾಲಿ ಬೆಂಚುಗಳಿಗೆ ಒಪ್ಪಿಸಿ ಎದ್ದುಹೋದಳು?

ಕಾರ್ಡಿನ ಪೆಟ್ಟಿಗೆ ತೆಗೆದೆ. 'ಬ್ರೂಮ್, ಕೆ.
ಪದವೀಧರೆ. ಕಾಗದ ವಾಪಸು, ೧೮೯೧.'
ಅಷ್ಟೇ. ಕಾರ್ಡಿನ ಉಳಿದ ಭಾಗ
ನೂರಮೂವತ್ತು ವರ್ಷದಿಂದ ಬಿಳಿ.

ಕೊನೆಯ ಸಂಚಿಕೆಯಲ್ಲಿ ಅರ್ಧ ಇಂಚು ಜಾಗ ಉಳಿದಿತ್ತು.
ಎರಡು ಸಾಲು ಟೈಪು ಮಾಡಿ ಕಳಿಸಿದೆ.
ಮುದ್ರಕ ಫೋನು ಮಾಡಿದ್ದಾನೆ:
"ಇವಳದ್ದು ಮದುವೆಯೋ, ಬಡ್ತಿಯೋ, ಮರಣವೋ?
ಯಾವ ತಲೆಬರಹದ ಕೆಳಗೆ ಹಾಕಲಿ, ಹೇಳಿ,
ಯಂತ್ರ ಕಾಯ್ತಾ ಇದೆ."

ಗೋಡೆಯ ಮೇಲೆ ಹದಿಮೂರು ತಿಳಿ ಬಣ್ಣದ ಚೌಕ.
ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ.