ಚಕ್ಕುಬಂದಿ

ಚಿಂತಾಮಣಿಯ ಸಬ್‌ರಿಜಿಸ್ಟ್ರಾರ್ ಆಫೀಸಿನೆದುರು
ಹೊಂಗೆ ಮರದಡಿ, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಮೇಜು:
ಅದೇ ನನ್ನ ಸಂಸ್ಥಾನ.
ಕ್ರಯ, ದಾನ, ವಿಭಾಗ, ಭೋಗ್ಯ, ಮರಣಶಾಸನ,
ಯಾವುದನ್ನೇ ಕೇಳಿ, ಟೀ ಆರುವುದರೊಳಗೆ
ಬರೆದು ಕೈಗಿಡುತ್ತೇನೆ.
'ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ'
ಎಂದು ಇಪ್ಪತ್ತಾರು ವರ್ಷದಿಂದ
ಬೇರೆಯವರ ಪರವಾಗಿ ಬರೆದಿದ್ದೇನೆ.

ನನ್ನ ಇಚ್ಛೆಯದು ಒಂದು ನೋಟುಬುಕ್ಕು,
ಬೀರುವಿನಲ್ಲಿ, ಅಲಮೇಲುವಿನ ಮದುವೆ ಸೀರೆಯ ಕೆಳಗೆ.
ಮೊದಲ ಹದಿನಾಲ್ಕು ಹಾಳೆ ಪದ್ಯ,
ಆಮೇಲೆ ಹಾಲಿನ ಲೆಕ್ಕ,
ಆಮೇಲೆ ಹನ್ನೊಂದು ವರ್ಷ ಬಿಳಿ.
ಪಹಣಿಯ ಭಾಷೆಯಲ್ಲಿ ಹೇಳುವುದಾದರೆ
ಖರಾಬು.

ಕಾರಣಗಳಿಗೆ ಬರವೇ?
ರೀಫಿಲ್ಲು ಸರಿಯಿಲ್ಲ. ಪಕ್ಕದ ಮನೆಯ ಮಿಕ್ಸಿ.
ಯುಗಾದಿ ಕಳೆಯಲಿ ಎಂದೆ; ಕಳೆಯಿತು.
ಹೊಸತೊಡಕಿನ ಮಾರನೆಯ ದಿನ ಅಜೀರ್ಣ.
ಕಣ್ಣಿನದೇ ದೋಷವಿರಬೇಕೆಂದು
ಹೊಸ ಕನ್ನಡಕ ಮಾಡಿಸಿದೆ,
ಹೊಸದರಲ್ಲಿ ಖಾಲಿ ಹಾಳೆ
ಇನ್ನೂ ಚೆನ್ನಾಗಿ ಕಂಡಿತು.
ಒಂದು ರಾತ್ರಿ ಪೆನ್ಸಿಲುಗಳನ್ನೆಲ್ಲ ಚೂಪು ಮಾಡಿ
ಉದ್ದದ ಪ್ರಕಾರ ಜೋಡಿಸಿ
ಅವುಗಳ ಅಂದ ನೋಡುತ್ತಲೇ ತೂಕಡಿಸಿದೆ.
'ಬರೀತಿದ್ರಾ?' ಅಂದಳು ಅಲಮೇಲು.
'ರೆಡಿಯಾಗ್ತಿದ್ದೆ.'
'ಹನ್ನೊಂದು ವರ್ಷದಿಂದ ಬರೀ ಚಪ್ಪರಾನೇ ಹಾಕ್ತಿದೀರ,
ಮದುವೆ ಯಾವಾಗ?'
ದೀಪ ಆರಿಸಿದಳು.

ಕಳೆದ ಗುರುವಾರ ಸರ್ವರ್ ಡೌನ್.
ಹೆಬ್ಬೆಟ್ಟು ತಿನ್ನುವ ಯಂತ್ರ ಕಣ್ಣು ಮುಚ್ಚಿತ್ತು.
ಜನ ನೆರಳಿನ ಹಿಂದೆಯೇ ಜರುಗುತ್ತ ಜರುಗುತ್ತ
ಮಧ್ಯಾಹ್ನಕ್ಕೆ ಗೋಡೆಗೇ ಅಂಟಿಕೊಂಡಿದ್ದರು.
ಆಗ ಬಂದಳು ಪಾಪಕ್ಕ, ಅಂಬಾಜಿದುರ್ಗದ ತಪ್ಪಲಿನವಳು,
ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡು.
ಮೊಮ್ಮಗಳ ಹೆಸರಿಗೆ ಆರು ಗುಂಟೆ ದಾನ.
ಸರ್ವೆ ನಂಬರು ಗೊತ್ತಿಲ್ಲ. ಪಹಣಿ ತಂದಿಲ್ಲ.
'ಎಲ್ಲ ತಗೊಂಡು ನಾಳೆ ಬಾಮ್ಮ' ಅಂದೆ.
ನಾಳೆ ಎಂಬುದು ನನ್ನ ಬಾಯಲ್ಲಿ
ಎಲೆಅಡಿಕೆಯಷ್ಟು ಸಲೀಸು.

ಅವಳು ಏಳಲಿಲ್ಲ.
'ಬಸ್ಸಿನ ಕಾಸು ಇವತ್ತಿಂದೇ. ನೀ ಬರ್ಕೋ, ನಾ ಹೇಳ್ತೀನಿ.
ಮೂಡಲಿಗೆ ಬೈರೆಡ್ಡಿ ರಾಗಿ ಹೊಲ.
ಪಡುವಲಿಗೆ ಓಣಿ, ಮಳೆ ಬಂದ್ರೆ ಅದೇ ಹಳ್ಳ.
ಬಡಗಲಿಗೊಂದು ಚಪ್ಪಡಿ ಕಲ್ಲು,
ನಮ್ಮ ಹುಡುಗಿಗೆ ನನ್ಮೇಲೆ ಕೋಪ ಬಂದ್ರೆ
ಅಲ್ಲೇ ಹೋಗಿ ಕೂತ್ಕೊಳ್ಳೋಳು.'
ಬರೆದುಕೊಂಡೆ. ಕೋಪವನ್ನೂ ಬರೆದುಕೊಂಡೆ,
ಕೈ ತಡೆಯಲಿಲ್ಲ.
'ತೆಂಕಲಿಗೆ?'
'ಆ ಕಡೆ ಏನೈತೋ ಕಾಣೆ. ನಾ ಹೋಗೇ ಇಲ್ಲ.'
'ಒಂದು ದಿಕ್ಕು ಬಿಟ್ಟರೆ ಪತ್ರ ಆಗಲ್ಲವಲ್ಲ.'
'ಮೂರು ಆಯ್ತಲ್ಲ ಸ್ವಾಮಿ.
ಎದ್ದು ಹೋದ್ರೆ ನಾಲ್ಕನೇದು ಸಿಕ್ತೈತೆ,
ಇಲ್ಲಿ ಕೂತ್ರೆ ಸಿಕ್ತೈತಾ?'

ಅವಳ ಪತ್ರ ಅಂದು ಆಗಲಿಲ್ಲ, ನಿಜ.
ಸಂಜೆ ಮೇಜು ಎತ್ತಿಡುವಾಗ
ಹಾಳಾದ ಛಾಪಾ ಕಾಗದವೊಂದು ಕೈಗೆ ಬಂತು,
ಯಾರದೋ ತಂದೆಯ ಹೆಸರು ತಪ್ಪಾಗಿದ್ದು.
ಹಿಂಬದಿ ಖಾಲಿ.
ಯಾರೋ ಮರೆತುಹೋದ, ಅರ್ಧ ಒಣಗಿದ ಪೆನ್ನು.
ನನ್ನ ಪದ್ಯ ಎಲ್ಲಿದೆಯೋ ತಿಳಿಯದು,
ಅದರ ಸುತ್ತ ಏನಿದೆಯೋ ಬರೆಯೋಣ ಎಂದು

ಮೂಡಲಿಗೆ: ಟೊಮೆಟೊ ಮಂಡಿಗೆ ಹೋಗುವ ಲಾರಿಗಳ ಗೊಣಗು.
ಪಡುವಲಿಗೆ: ಅಪ್ಪನ ಕೆಮ್ಮು, ಅಪ್ಪ ಹೋದ ಮೇಲೂ.
ಬಡಗಲಿಗೆ...
ಏನೂ ಹೊಳೆಯಲಿಲ್ಲ.
ಹಾಳೆಯ ಮೇಲೆ ಹೊಂಗೆ ಹೂವೊಂದು ಬಿತ್ತು,
ಅದನ್ನೇ ಬರೆದೆ.

ಕೆಟ್ಟ ಸಾಲುಗಳು. ಎರಡು ಹೊಡೆದುಹಾಕಿದೆ.
ಹೊಡೆದಲ್ಲೆಲ್ಲ, ಅಭ್ಯಾಸಬಲ, ಅಂಚಿನಲ್ಲಿ ಪುಟ್ಟ ಸಹಿ:
ಈ ತಿದ್ದುಪಡಿ ನನ್ನದೇ.
ಎಷ್ಟೋ ವರ್ಷದ ಮೇಲೆ
ತಪ್ಪೊಂದು ನನ್ನ ಸ್ವಂತ ಸ್ವತ್ತಾಗಿತ್ತು,
ಋಣಭಾರವಿಲ್ಲದ್ದು.

'ತೆಂಕಲಿಗೆ: ನಾಳೆ' ಎಂದು ಬರೆದೆ.
ಅದನ್ನೂ ಹೊಡೆದೆ. ಸಹಿ.

ತೆಂಕಲು ನಾನು ಇಪ್ಪತ್ತಾರು ವರ್ಷ
ಬೆನ್ನು ಕೊಟ್ಟು ಕೂತ ದಿಕ್ಕು.
ಬೀದಿದೀಪ ಹತ್ತಿತು.
ಕುರ್ಚಿ ಎತ್ತಿ ತಿರುಗಿಸಿದೆ.
ಕಂಡದ್ದು ಕಾಂಪೌಂಡು ಗೋಡೆ,
ಗೋಡೆಯ ಮೇಲೆ ನನ್ನನ್ನೇ ನೋಡುತ್ತಿದ್ದ ಬೆಕ್ಕು.

ಬರೆದುಕೊಂಡೆ.