ವಸ್ತು ಸಂಖ್ಯೆ ೨೧೪

ನಮ್ಮ ಮ್ಯೂಸಿಯಂ ಅಂದರೆ ಹಳೆಯ ಉಪ್ಪುಮೀನಿನ ಉಗ್ರಾಣ.
ಎಷ್ಟು ಸಲ ಬಣ್ಣ ಬಳಿದರೂ
ಮಂಜು ಕವಿದ ದಿನ ಹಲಗೆಗಳು ಉಪ್ಪು ಬೆವರುತ್ತವೆ.
ಬೇಸಿಗೆಯಲ್ಲಿ ಹಡಗಿಳಿದವರು ಬರುತ್ತಾರೆ, ಹದಿನೈದು ನಿಮಿಷ.
ಶೌಚಾಲಯ ಎಲ್ಲಿ ಎಂಬುದೇ ಮೊದಲ ಪ್ರಶ್ನೆ.
ಚಳಿಗಾಲಕ್ಕೆ ಉಳಿಯುವವರು ನಾನು, ಡ್ರೂಸಿಲ್ಲಾ,
ಮತ್ತು ಹಾಯಿಬಟ್ಟೆಯ ಮೇಲೆ ಯಾರೋ ಬರೆದಿಟ್ಟ ಹನ್ನೊಂದು ಮುಖಗಳು.
ಬರೆದವನ ಹೆಸರಿಲ್ಲ. ಬರೆಸಿಕೊಂಡವರದೂ ಇಲ್ಲ.

ಚೀಟಿ ಬರೆಯುವವಳು ಡ್ರೂಸಿಲ್ಲಾ.
ಅವಳ ಅಕ್ಷರ ಮೀನಿನ ಮುಳ್ಳಿನಷ್ಟು ಸಣ್ಣದು, ಅಷ್ಟೇ ಚೂಪು.
ಮೀನು ಸೀಳುವ ಚಾಕು. ಎಡಗೈಯವನದು.
ಬಲೆ ಹೆಣೆಯುವ ಸೂಜಿ. ತಿಮಿಂಗಿಲದ ಮೂಳೆ.
ಕಬ್ಬಿಣದ ಒಲೆ, ೨೧೪. ಬಾಗಿಲ ಮೇಲೆ ಓಡುವ ಜಿಂಕೆ.
ಕೊಟ್ಟವರು: ಲಿಯಾಂಡರ್ ಪಾರ್ಡಿಯ ವಿಧವೆ.
ಎಲ್ಲದರ ಕೆಳಗೂ ಅದೇ ಸಾಲು:
ದಯವಿಟ್ಟು ಮುಟ್ಟಬೇಡಿ.

ಆ ವಿಧವೆಯ ಮಗ ಆಂಬ್ರೋಸ್, ಎಪ್ಪತ್ತು ದಾಟಿದವನು,
ಪ್ರತಿ ಗುರುವಾರ ಬರುತ್ತಿದ್ದ.
ಹಗ್ಗದ ಈಚೆ ನಿಂತು ಎರಡೂ ಅಂಗೈ ಚಾಚುತ್ತಿದ್ದ,
ಆರಿ ನಲವತ್ತು ವರ್ಷವಾದ ಒಲೆಗೆ.
ನಾವು ಕಿಟಕಿಯತ್ತ ತಿರುಗಿ
ಸಮುದ್ರ ನೋಡುವವರ ಹಾಗಿರುತ್ತಿದ್ದೆವು.

ಫೆಬ್ರವರಿಯಲ್ಲಿ ಗಾಳಿ ಎದ್ದಿತು.
ಗುಡ್ಡದ ಮೇಲಿನ ಕಂಬಗಳು ಒಂದರ ಹಿಂದೆ ಒಂದು
ಕುಡುಕರ ಹಾಗೆ ಮಲಗಿದವು.
ಮೀನು ಕಾರ್ಖಾನೆಯವರ ವಸತಿಯಲ್ಲಿ
ಬಿಸಿ ಬರುವುದು ಗೋಡೆಯೊಳಗಿನ ತಂತಿಯಿಂದಲೇ.
ಸಮಾರ್ ದ್ವೀಪದ ಮಾರಿವಿಕ್, ಅವಳ ಜೊತೆಯ ಒಂಬತ್ತು ಜನ,
ಜಾಕೆಟ್ಟಿನ ಮೇಲೆ ಕಂಬಳಿ ಹೊದ್ದು
ನಮ್ಮ ಬಾಗಿಲಿಗೆ ಬಂದರು. ದೀಪ ಕಂಡಿತು, ಬಂದೆವು ಅಂದರು.
ಕಂಡ ದೀಪ ವಸ್ತು ಸಂಖ್ಯೆ ಅರವತ್ತೆರಡು.
ಹಚ್ಚಿದವಳು ನಾನು.

ಡ್ರೂಸಿಲ್ಲಾ ಮೇಲಿನವರಿಗೆ ಫೋನ್ ಮಾಡಿದಳು. ಸತ್ತಿತ್ತು.
ಕೈಪಿಡಿ ತೆರೆದಳು.
ಅದರಲ್ಲಿ ಬೆಂಕಿಯ ಬಗ್ಗೆ ಮೂರು ಪುಟ ಇತ್ತು,
ಚಳಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ.
ಅಷ್ಟರಲ್ಲಿ ಆಂಬ್ರೋಸ್, ಜಾರುಬಂಡಿಯ ತುಂಬ ಸೌದೆ,
ಹುಬ್ಬಿನ ಮೇಲೆ ಹಿಮ.
ಕೊಳವೆಯೊಳಗೆ ಹಕ್ಕಿಗೂಡು ಕಟ್ಟಿರುತ್ತದೆ, ಹೊಗೆ ತಿರುಗುತ್ತದೆ, ಅಂದಳು ಇವಳು.
ಇಲ್ಲ, ಅಂದ. ಬೂಟು ನೋಡುತ್ತ ಅಂದ:
ಪ್ರತಿ ಅಕ್ಟೋಬರ್ ಸೂರು ಹತ್ತಿ ನಾನೇ ಗುಡಿಸುತ್ತಿದ್ದೆ.
ನಿಮಗೆ ಹೇಳಿರಲಿಲ್ಲ.

ಡ್ರೂಸಿಲ್ಲಾ ಹಗ್ಗ ಬಿಚ್ಚಿದಳು. ಗಂಟು ಗಟ್ಟಿಯಿತ್ತು,
ಹಲ್ಲು ಬಳಸಬೇಕಾಯಿತು.

ಮೂರು ರಾತ್ರಿ.
ಇಡೀ ಕೇರಿ ಬಂತು, ನಾಯಿಗಳು ಸಹಿತ.
ತೇಪೆ ಹೊದಿಕೆ ಎಂಬತ್ತೆಂಟರೊಳಗೆ ಯಾರದೋ ಮಗು ಉಚ್ಚೆ ಹೊಯ್ದಿತು.
ಮಾರಿವಿಕ್ ಮೂಳೆಸೂಜಿಯನ್ನು ಎತ್ತಿಕೊಂಡಳು;
ಬೆರಳಿಗೆ ಕೇಳಬೇಕಾಗಲೇ ಇಲ್ಲ.
ಅವಳಪ್ಪನದು ಬಿದಿರಿನದಂತೆ, ಆಕಾರ ಮಾತ್ರ ಇದೇ.
ಪ್ರದರ್ಶನದ ಹರಿದ ಬಲೆಯನ್ನು ಹೆಣೆಯುತ್ತ ಕೂತಳು.
ಅದು ಹರಿದೇ ಇರಬೇಕಾದ ಬಲೆ, ದಾಖಲೆಯ ಪ್ರಕಾರ.
ಯಾರೂ ಅವಳಿಗೆ ಹೇಳಲಿಲ್ಲ.

ಎರಡನೆಯ ರಾತ್ರಿ, ಒಲೆಯ ಬೆಳಕು ಕೆಳಗಿನಿಂದ ಬಿದ್ದಾಗ,
ಮುದುಕಿ ಫಿಲೊಮಿನಾ ಏಳನೆಯ ಮುಖಕ್ಕೆ ಕೋಲು ತೋರಿಸಿದಳು.
"ಆ ಕಿವಿ ನೋಡಿ. ಗಾರ್ಲಂಡನ ಕಿವಿ. ಅವನಜ್ಜಿ ಅವಳು,
ನಮ್ಮಮ್ಮನಿಗೆ ಎರಡು ಡಾಲರ್ ಕೊಡಬೇಕಿತ್ತು."
ಗಾರ್ಲಂಡ್ ಟೋಪಿ ತೆಗೆದು ಕಿವಿ ಮುಟ್ಟಿಕೊಂಡ.
ಎಲ್ಲರೂ ನಕ್ಕರು.
ಅವನು ಮಾತ್ರ ಬೆಳಗಿನ ತನಕ
ಗೋಡೆಯ ಕೆಳಗೇ ಕೂತಿದ್ದ.

ಕರೆಂಟು ಬಂತು. ಆಮೇಲೆ ವಿಮೆಯವರ ಪತ್ರ ಬಂತು,
ಅದಕ್ಕೆ ಉತ್ತರ ಇನ್ನೂ ಹೋಗಿಲ್ಲ.
ದಾಖಲೆ ಪುಸ್ತಕದ ಏಳನೆಯ ಮುಖದೆದುರು
ಈಗ ಒಂದು ಹೆಸರಿದೆ, ಒಂದು ಸಾಲವೂ.
ಬಲೆಯ ಚೀಟಿಯಲ್ಲಿ: ದುರಸ್ತಿ, ಮಾರಿವಿಕ್ ಅಬಾಯೊನ್.

ಗುರುವಾರ ಆಂಬ್ರೋಸ್ ಬಂದ.
ಹಗ್ಗ ಕಟ್ಟಿತ್ತು. ಈಚೆಯೇ ನಿಂತ, ಕೈ ಜೇಬಿನಲ್ಲಿ.
ಜಿಂಕೆಗೆ ಮಸಿ ಹಿಡಿದಿದೆಯಲ್ಲ, ಅಂದ.
ಒರೆಸಲೇ, ಅಂತ ಕೇಳಿದೆ.
ಅವನು ಬಹಳ ಹೊತ್ತು ನೋಡಿದ.
ಬೇಡ, ಅಂದ,
ಅದು ಈಗಷ್ಟೇ ಓಡಿ ಬಂದಿದೆ.