ಮುದ್ದೆಮಾಲು

ಶಿಕ್ಷೆಯ ಪ್ರಮಾಣದ ಮೇಲೆ ವಾದ ಕೇಳುವ ದಿನ.
ಚಿತ್ರದುರ್ಗದ ಈ ಕೋರ್ಟ್ ಹಾಲಿನಲ್ಲಿ
ಫ್ಯಾನು ಯಾವತ್ತಿನಂತೆ ಒಂದು ರೆಕ್ಕೆ ಕುಂಟುತ್ತ ತಿರುಗುತ್ತಿದೆ.
ನಾನು ಬೆರಳಚ್ಚುಗಾರ್ತಿ. ಹತ್ತೊಂಬತ್ತು ವರ್ಷದಿಂದ
ಹೇಳಿದ್ದನ್ನು ಹೊಡೆಯುತ್ತೇನೆ,
ಅಲ್ಪವಿರಾಮ ಮಾತ್ರ ನನ್ನದು.

ಮೇಜಿನ ಮೇಲೆ ಮು.ಮಾ. ಒಂದು: ಬಿದಿರಿನ ಲಾಠಿ, ತುದಿಗೆ ಹಿತ್ತಾಳೆ ಕಟ್ಟು.
ಮು.ಮಾ. ಎರಡು: ಆಡು ಕಟ್ಟುವ ಹಗ್ಗ, ಒಂದೂವರೆ ಮಾರು.
ಪಕ್ಕದಲ್ಲೇ ಇವತ್ತು ಕರ್ಚೀಫು ಹಾಸಿ
ವಕೀಲರು ಜೋಡಿಸಿಟ್ಟ ನಾಲ್ಕು ಪದಕ.
ಅವಕ್ಕಿನ್ನೂ ನಂಬರು ಬಿದ್ದಿಲ್ಲ.

"ಹದಿನೆಂಟು ವರ್ಷ, ಸ್ವಾಮಿ. ಹಿಮಕ್ಕೆ ಎರಡು ಕಾಲ್ಬೆರಳು ಕೊಟ್ಟವರು.
ನಾವು ಮಲಗಿದ್ದಾಗ ಎದ್ದಿದ್ದವರು."
ಹೌದು, ನಾನು ಮಲಗಿದ್ದೆ.
ಆ ಹದಿನೆಂಟರಲ್ಲಿ ಮದುವೆಯಾದೆ, ಹೆತ್ತೆ,
ಕಂತಿನಲ್ಲಿ ಫ್ರಿಜ್ಜು ಕೊಂಡೆ.
ಇದೆಲ್ಲ ಆಗುವ ಮುಂಚಿನ ಒಂದು ಆಗಸ್ಟ್ ಹದಿನೈದು
ಮಗನ ಸ್ಕೂಲಿನಲ್ಲಿ ಬಾವುಟ ಏರಿಸಿದ್ದು
ಇದೇ ಹವಾಲ್ದಾರ್ ಕರಿಬಸಪ್ಪ.
ಲಾಡು ಕೊಡುವಾಗ ಬಗ್ಗಿ
ಹುಡುಗನ ಕಾಲರು ಸರಿ ಮಾಡಿದ್ದ.

ಆಮೇಲೆ ಗುಡ್ಡದ ಗಾಳಿಯಂತ್ರಗಳ ಕಾವಲು.
ತಾಮ್ರದ ಕೇಬಲ್ಲು ಕದಿಯುವವರ ಕಾಟ.
ಅಮಾವಾಸ್ಯೆಯ ಹಿಂದಿನ ರಾತ್ರಿ, ರೆಕ್ಕೆಗಳ ಬುಸುಗುಡುವಿಕೆಯೊಳಗೆ
ಯಾರೋ ಪೊದೆ ಸರಿಸಿದರು.
"ಆ ಕ್ಷಣ ಅವರಿಗೆ ಅದು ಗಡಿ," ಅಂದರು ವಕೀಲರು.
ಗಡಿ ಎಂದು ಹೊಡೆದೆ.

ಮಾರಕ್ಕನ ಸಾಕ್ಷಿಯೂ ನನ್ನದೇ ಟೈಪು, ಪುಟ ನಲವತ್ತೊಂದು:
"ನಮ್ಮೋನು ಕೂಗ್ಯಾನೆ ಸ್ವಾಮಿ, ಕೆಳಗ್ಲ ಹಟ್ಟಿ ಮಟ ಕೇಳೈತೆ.
ಅಣ್ಣಾ, ನಾನು ಪಾಲಯ್ಯ, ಗಬ್ಬದ ಆಡು ತಪ್ಪಿಸ್ಕಂಡೈತೆ ಅಂತ.
ಕನ್ನಡದಾಗೇ ಕೂಗ್ಯಾನೆ."
ಎಷ್ಟು ಸಲ?
"ಮೂರು ಸಲ. ನಾಕನೇದು ಅರ್ಧ."

ಸರ್ಕಾರಿ ವಕೀಲರು ಕನ್ನಡಕ ಒರೆಸುತ್ತ ಎದ್ದರು:
"ಎಲ್ಲಿ ಹೊಡೆದರೆ ಸಾಯುತ್ತಾನೆ ಎಂದು ಕಲಿತವರು
ಎಲ್ಲಿ ಹೊಡೆದರೆ ಸಾಯುವುದಿಲ್ಲ ಎಂದೂ ಕಲಿತಿರುತ್ತಾರೆ."

ಹತ್ತರಲ್ಲಿ ಹದಿನೆಂಟು ಕಳೆಯುವುದು ಹೇಗೆ?
ಮಗನಿಗೆ ಹೇಳಿಕೊಟ್ಟಿದ್ದೇನೆ,
ಮೇಲಿನದು ಸಾಲದಿದ್ದರೆ ಪಕ್ಕದ ಮನೆಯಿಂದ ಕಡ ತಾ.
ಇಲ್ಲಿ ಪಕ್ಕದ ಮನೆ ಯಾವುದು,
ಮಾರಕ್ಕನದಾ?

"ನೀವೇನಾದರೂ ಹೇಳುವುದಿದೆಯಾ?"
ಅವನು ಸೆಟೆದು ನಿಂತ. ಎಡಗಾಲಿನ ಬೂಟು ಚೂರು ವಾಲಿತು.
"ಅವನ್ನ ಅಲ್ಲಿಂದ ತೆಗೆಸಿ ಸರ್. ಲಾಠಿ ಪಕ್ಕದಿಂದ."
ಅಷ್ಟೇ.
ನಾಚಿಕೆಯೋ ಜಂಬವೋ,
ಹೊಡೆದ ಅಕ್ಷರದಲ್ಲಿ ಗೊತ್ತಾಗುವುದಿಲ್ಲ.

ಹಿಂದಿನ ಬೆಂಚಿನಿಂದ, ಯಾರೂ ಕೇಳದೆಯೇ, ಮಾರಕ್ಕ:
"ಆ ಹಗ್ಗ ಯಾವತ್ತು ಕೊಡ್ತೀರಿ ಸ್ವಾಮಿ?"
ಪೇದೆ ಶ್ ಅಂದ.
ಇದನ್ನು ಹೊಡೆಯಬೇಡ ಎಂಬಂತೆ ಸಾಹೇಬರು ನನ್ನತ್ತ ನೋಡಿದರು.

ಆಮೇಲೆ ಹೇಳತೊಡಗಿದರು: "ಸದರಿ ಆರೋಪಿಗೆ"
ನಿಲ್ಲಿಸಿ, ಲೋಟ ಎತ್ತಿ, ನೀರು ಕುಡಿದರು.
ಅಂಕಿ ಬರಬೇಕಾದ ಜಾಗದಲ್ಲಿ
ಕರ್ಸರ್ ಮಿಣುಕುತ್ತಿತ್ತು.
ನಾನೇ ಒಂದು ಅಲ್ಪವಿರಾಮ ಹಾಕಿ
ಕಾದೆ.